ಪಕ್ಕದ ಸೀಟು

ನಾವುಂದದಲ್ಲಿ ಸಂಸಾರ ನಡೆಸುವ ನನ್ನಂಥವರಿಗೆ ಆಕಾಶದ ಜೊತೆಗಿನ ವ್ಯವಹಾರ ತೀರ ಸಣ್ಣದು. ಹಲಸಿನ ಹಪ್ಪಳ ಒಣಗೀತೇ, ಒಗೆದ ಬಟ್ಟೆ ಒಳಗೆ ತರಬೇಕೇ, ಇವತ್ತು ನಾಡದೋಣಿ ಇಳಿದಾವೇ, ಇಷ್ಟು ವಿಚಾರಿಸಿಕೊಂಡರೆ ಆಯಿತು. ಹೀಗಿರುವಾಗ ನಾನು ಎರಡು ತಿಂಗಳಿಂದ ವಿಮಾನ ಹಾರಿಸುವವರ ಆರೋಗ್ಯದ ನಿಯಮಗಳನ್ನು ಹುಡುಕಿ ಹುಡುಕಿ ಓದುತ್ತಿದ್ದೇನೆ ಎಂದರೆ ಮನೆಯವರು ನಗದೆ ಏನು ಮಾಡಿಯಾರು? "ಮಾವಿನಮಿಡಿ ಉಪ್ಪಿಗೆ ಹಾಕುವುದು ಬಿಟ್ಟು ಇದೇನು ಹೊಸ ಹುಚ್ಚು" ಎಂದು ಕೇಳಿದ್ದೂ ಆಯಿತು.

ಅದೂ ಸಂಬಳಕ್ಕೆ ಹಾರಿಸುವ ದೊಡ್ಡ ವಿಮಾನದ ಪೈಲಟ್‌ಗಳ ವಿಷಯವಲ್ಲ. ಕೆಲವರು ಇಸ್ಪೀಟು ಆಡುವಂತೆ, ಕೆಲವರು ತೋಟದಲ್ಲಿ ಕಸಿ ಕಟ್ಟುತ್ತ ಕೂರುವಂತೆ, ಬರೀ ಸಂತೋಷಕ್ಕೆ ರಜೆಯ ದಿನ ಸಣ್ಣ ವಿಮಾನ ಏರುವವರಿದ್ದಾರಲ್ಲ, ಅವರದು. ನಮ್ಮಲ್ಲಿ ಇದು ಅಪರೂಪ, ದುಡ್ಡಿನ ಹವ್ಯಾಸ. ಆದರೆ ಕರ್ನಾಟಕಕ್ಕೆ ತೀರ ಹೊಸತೇನಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೇ, 1949ರಲ್ಲಿ ಶುರುವಾಯಿತು. ಅಲ್ಲಿ ಮೊದಮೊದಲು ಕಲಿತವರಲ್ಲಿ ಉಷಾ ಸುಂದರಂ ಎಂಬ ಹೆಣ್ಣುಮಗಳೂ ಇದ್ದರು. ನಮ್ಮ ಅಜ್ಜಿಯಂದಿರು ಕುಂದಾಪುರದ ಬಸ್ಸು ಹತ್ತಲು ಗಂಡಸರ ಅನುಮತಿ ಕೇಳುತ್ತಿದ್ದ ಕಾಲ ಅದು ಎನ್ನುವುದನ್ನು ನೆನೆದರೆ ಮನಸ್ಸಿಗೆ ಏನೋ ಒಂದು ಖುಷಿ.

ನನಗೆ ಈ ವಿಷಯ ಗಂಟುಬಿದ್ದದ್ದು ಅಕ್ಕನ ಮಗಳಿಂದ. ಅವಳು ಅಮೆರಿಕಕ್ಕೆ ಹೋಗಿ ಹದಿನೆಂಟು ವರ್ಷವಾಯಿತು. ಗಂಡನಿಗೆ ನಲವತ್ತಾರು. ಒಳ್ಳೆಯವನು, ಮಾತು ಕಡಿಮೆ, ಎಷ್ಟು ದುಡಿದರೂ ಭಾನುವಾರ ಬೆಳಿಗ್ಗೆ ಮಾತ್ರ ತನಗೇ ಬೇಕೆನ್ನುವವನು. ನಾಲ್ವರು ಗೆಳೆಯರು ಸೇರಿ ಎರಡು ಸೀಟಿನ ಒಂದು ಹಳೆಯ ವಿಮಾನ ಇಟ್ಟುಕೊಂಡಿದ್ದಾರೆ. ಒಂದರಲ್ಲಿ ಇವನು, ಪಕ್ಕದ್ದರಲ್ಲಿ ಹೆಚ್ಚಾಗಿ ನಮ್ಮ ಹುಡುಗಿ. ಮೇಲಿನಿಂದ ತೆಗೆದ ಫೋಟೋಗಳನ್ನು ನಮಗೆ ಕಳಿಸುತ್ತಿದ್ದಳು. ಹೊಲಗಳೆಲ್ಲ ಕೌದಿಯ ತುಂಡುಗಳ ಹಾಗೆ ಕಾಣುತ್ತಿದ್ದವು.

ಕಳೆದ ಮಳೆಗಾಲದಲ್ಲಿ ಒಂದು ದಿನ ಅವನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ನಿಂತವನು ಹಾಗೇ ಕುಸಿದುಬಿಟ್ಟ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಎದ್ದು ಕೂತ. "ಏನಿಲ್ಲ, ರಾತ್ರಿ ನಿದ್ದೆ ಇರಲಿಲ್ಲ, ನೀನು ಯಾರಿಗೂ ಹೇಳಬೇಡ" ಎಂದ. ಕಂಡವಳು ಅವಳೊಬ್ಬಳೇ. ಆಮೇಲೆ ಮತ್ತೆ ಹಾಗೆ ಆಗಿಲ್ಲ. ಆದರೆ ಅವನ ಪೈಲಟ್ ವೈದ್ಯಕೀಯ ಪತ್ರದ ಅವಧಿ ಮುಗಿಯುತ್ತ ಬಂದಿತ್ತು. ಅಲ್ಲಿ ಹವ್ಯಾಸಿಗಳಿಗೆ ನಲವತ್ತರ ಒಳಗೆ ಐದು ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಅರ್ಜಿಯಲ್ಲಿ ಉದ್ದನೆಯ ಪಟ್ಟಿ ಇರುತ್ತದೆ: ಜೀವಮಾನದಲ್ಲಿ ಎಂದಾದರೂ ತಲೆಸುತ್ತು ಬಂದಿತ್ತೇ, ಪ್ರಜ್ಞೆ ತಪ್ಪಿತ್ತೇ, ಹೃದಯದ ತೊಂದರೆ, ಮೂರ್ಛೆರೋಗ, ಮನಸ್ಸಿನ ಕಾಯಿಲೆ. ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲಾಗಬಹುದು. ನಿಜ ಬರೆದರೆ ಪರೀಕ್ಷೆಯ ಮೇಲೆ ಪರೀಕ್ಷೆ, ಕೊನೆಗೆ ಅರ್ಜಿ ತಿರಸ್ಕೃತವಾದರೂ ಆದೀತು.

ಇಲ್ಲಿಗೆ ಕಥೆ ಸರಳ. ಸಿಕ್ಕು ಇರುವುದು ಮುಂದೆ. ಅಮೆರಿಕದಲ್ಲಿ 2004ರಲ್ಲಿ ಇನ್ನೊಂದು ದಾರಿ ತೆರೆದರು. ಹಗುರ ವಿಮಾನವನ್ನು, ಜೊತೆಗೆ ಒಬ್ಬರನ್ನು ಮಾತ್ರ ಕೂರಿಸಿಕೊಂಡು ಹಾರಿಸುವುದಾದರೆ ಪೈಲಟ್‌ಗೆ ವೈದ್ಯಕೀಯ ಪತ್ರವೇ ಬೇಡ; ಕಾರಿನ ಲೈಸೆನ್ಸ್ ಇದ್ದರೆ ಸಾಕು. ಆದರೆ ಒಂದು ಷರತ್ತು. ನೀವು ಕೊನೆಯ ಸಲ ವೈದ್ಯಕೀಯ ಪತ್ರಕ್ಕೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಗಿದ್ದರೆ ಈ ದಾರಿಯೂ ಬಂದ್. ಅರ್ಜಿಯನ್ನೇ ಹಾಕದೆ ಹಳೆಯ ಪತ್ರ ತಾನಾಗಿ ಮುಗಿಯಲು ಬಿಟ್ಟಿದ್ದರೆ ಏನೂ ತೊಂದರೆಯಿಲ್ಲ.

ನಾನು ಇದನ್ನು ಎರಡೆರಡು ಸಲ ಓದಿದೆ. ಒಂದೇ ದೇಹ, ಒಂದೇ ಹೃದಯ, ಅದೇ ಅಡುಗೆಮನೆಯಲ್ಲಿ ಬಿದ್ದ ಮನುಷ್ಯ. ಹೋಗಿ ಕೇಳಿದವನು ನೆಲದ ಮೇಲೆ ಉಳಿದ, ಕೇಳದವನು ಆಕಾಶದಲ್ಲಿ. ಸರ್ಕಾರ ಹೀಗೆ ಮಾಡಿದ್ದಕ್ಕೆ ಅದರದೇ ಕಾರಣವಿದೆ. ಒಮ್ಮೆ ಆಗುವುದಿಲ್ಲ ಎಂದು ಹೇಳಿದ ಮೇಲೆ ಅದೇ ಮನುಷ್ಯನನ್ನು ಹಿಂಬಾಗಿಲಿನಿಂದ ಬಿಡಲಾದೀತೇ? ಅದೂ ಸರಿಯೇ. ಆದರೆ ಪ್ರಾಮಾಣಿಕನಿಗೆ ದಂಡ, ಮೌನಿಗೆ ಮಾನ ಎಂದಾಯಿತಲ್ಲ.

ಅಕ್ಕನ ಮಗಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಚಿಕ್ಕಿ, ಕೇಣದೆ ಇಪ್ಪುದು ಸುಳ್ಳಾತ್ತಾ?"

ಇಂಥ ಪ್ರಶ್ನೆಗೆ ಚಿಕ್ಕಮ್ಮಂದಿರ ಬಳಿ ಸಿದ್ಧ ಉತ್ತರ ಇರಬೇಕು ಎಂದು ಮಕ್ಕಳು ಯಾಕೆ ಭಾವಿಸುತ್ತಾರೋ. ಪಕ್ಕದ ಮನೆಯ ಅಕ್ಕನ ಬಳಿ ಮಾತ್ರ ಸಿದ್ಧವಿತ್ತು. ಬೇಲಿಯ ಆಚೆಯಿಂದಲೇ, "ಕೇಂಡ್ರಲ್ದಾ ಇಲ್ಲ ಅಂಬುದ್? ಕೇಣ್ದೇ ಕೂಕಂಡ್ರೆ ಯಾರ್ ಎಂತ ಮಾಡ್ತ್ರ್?" ಎಂದುಬಿಟ್ಟರು. ಲೋಕ ನಡೆಯುವುದೇ ಹೀಗೆ ಎಂಬ ಧಾಟಿಯಲ್ಲಿ. ಅವರನ್ನು ದೂರುವಂತಿಲ್ಲ. ನಮ್ಮಲ್ಲೇ ಸ್ಕೂಟರಿನ ಲೈಸೆನ್ಸಿಗೆ ಅರ್ಜಿ ಹಾಕುವಾಗ ಫಾರಂ ಒಂದು ಎಂಬ ಹಾಳೆಗೆ ಸಹಿ ಮಾಡುತ್ತೇವಲ್ಲ, ಅದು ನಮ್ಮ ದೇಹದ ಬಗ್ಗೆ ನಾವೇ ಕೊಡುವ ಘೋಷಣೆ. ಮೂರ್ಛೆರೋಗ ಇದೆಯೇ, ಇದ್ದಕ್ಕಿದ್ದ ಹಾಗೆ ಪ್ರಜ್ಞೆ ತಪ್ಪುವುದುಂಟೇ, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತದೆಯೇ ಎಂದು ಅದು ಸ್ಪಷ್ಟವಾಗಿ ಕೇಳುತ್ತದೆ. ಓದಿ ಸಹಿ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ, ನೀವೇ ಹೇಳಿ. ಅರ್ಜಿ ತುಂಬಿಕೊಡುವವನು ಗೀಟು ಎಳೆದುಕೊಂಡು ಹೋಗುತ್ತಾನೆ, ನಾವು ಅವನು ಬೆರಳಿಟ್ಟ ಜಾಗದಲ್ಲಿ ಹೆಸರು ಬರೆಯುತ್ತೇವೆ. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕು ಎನ್ನುವುದೂ ಅಷ್ಟೇ, ಕೆಲವೆಡೆ ಡಾಕ್ಟರು ಮುಖ ಎತ್ತುವ ಮೊದಲೇ ಮುಗಿದಿರುತ್ತದೆ.

ಆದರೆ ಆಕಾಶದ ಲೆಕ್ಕ ಸ್ವಲ್ಪ ಬೇರೆ. ಕಾರಿನಲ್ಲಿ ತಲೆಸುತ್ತಿದರೆ ಬದಿಗೆ ನಿಲ್ಲಿಸಲಾದರೂ ಒಂದು ಬದಿ ಇದೆ. ನಿಯಮಗಳನ್ನು ಓದುತ್ತ ಹೋದಂತೆ ನನಗೆ ಅವುಗಳ ಮೇಲೆ ಗೌರವವೇ ಬಂತು. ಮೇಲ್ನೋಟಕ್ಕೆ ಕಿರುಕುಳ ಅನ್ನಿಸಿದ ಒಂದೊಂದರ ಹಿಂದೆಯೂ ಒಂದೊಂದು ಕಾರಣ. ಬಣ್ಣದ ಪರೀಕ್ಷೆ ಯಾಕೆ? ವಿಮಾನದ ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂದೆ ಬಿಳಿ. ಕತ್ತಲೆಯಲ್ಲಿ ಎದುರಿನದು ನಮ್ಮತ್ತ ಬರುತ್ತಿದೆಯೋ ನಮ್ಮಿಂದ ದೂರ ಹೋಗುತ್ತಿದೆಯೋ ತಿಳಿಯುವುದು ಆ ಬಣ್ಣಗಳಿಂದ. ರೇಡಿಯೋ ಕೆಟ್ಟರೆ ನಿಲ್ದಾಣದ ಗೋಪುರದಿಂದ ದೀಪ ಬಿಡುತ್ತಾರೆ: ನಿಂತ ಹಸಿರು ಎಂದರೆ ಇಳಿಯಬಹುದು, ನಿಂತ ಕೆಂಪು ಎಂದರೆ ಸುತ್ತು ಹಾಕುತ್ತ ಇರು. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ? ಸಣ್ಣ ವಿಮಾನಗಳ ಒಳಗೆ ದೊಡ್ಡ ವಿಮಾನದಂತೆ ಗಾಳಿಯ ಒತ್ತಡ ಹಿಡಿದಿಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಮೇಲೇರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ, ನೆಲದ ಮೇಲೆ ಹೇಗೋ ಸುಧಾರಿಸಿಕೊಂಡಿದ್ದ ಹೃದಯ ಅಲ್ಲಿ ತನ್ನ ಬಣ್ಣ ತೋರಿಸಬಹುದು. ಬರೀ ನೆಗಡಿಯಾಗಿದ್ದರೂ ಇಳಿಯುವಾಗ ಕಿವಿ ಸಿಡಿಯುವಷ್ಟು ನೋವು.

ನಮ್ಮ ದೇಶದಲ್ಲೂ ಖಾಸಗಿ ಪೈಲಟ್ ಆಗಲು ಹದಿನೇಳು ವರ್ಷ ತುಂಬಿರಬೇಕು, ಎರಡನೇ ದರ್ಜೆಯ ವೈದ್ಯಕೀಯ ಪತ್ರ ಬೇಕು; ಸಂಬಳಕ್ಕೆ ಹಾರಿಸುವವರಿಗೆ ಇನ್ನೂ ಬಿಗಿಯಾದ ಮೊದಲನೇ ದರ್ಜೆ. ಹೆಂಗಸರಿಗೆ ಇನ್ನೊಂದು ಅಧ್ಯಾಯ ಬೇರೆ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ ಬಸುರಿ ಪೈಲಟ್ ಅನರ್ಹಳು. ತೊಡಕಿಲ್ಲದ ಬಸಿರು ಎಂದು ವೈದ್ಯರು ಹೇಳಿದರೆ ಹನ್ನೆರಡನೇ ವಾರ ಮುಗಿದಾಗಿನಿಂದ ಇಪ್ಪತ್ತಾರನೇ ವಾರ ಮುಗಿಯುವವರೆಗೆ ಹಾರಬಹುದು ಎಂಬುದು ಅದರ ಸಲಹೆ. ಬಚ್ಚಿಡುತ್ತೇನೆಂದರೂ ಹೆಚ್ಚು ದಿನ ಬಚ್ಚಿಡಲಾಗದ ದೇಹದ ಸುದ್ದಿ ಇದೊಂದೇ ಇರಬೇಕು.

ಉಳಿದದ್ದನ್ನೆಲ್ಲ ಬಚ್ಚಿಡುವುದರಲ್ಲಿ ನಾವು ಹೆಂಗಸರು ಪಳಗಿದವರು. ಜ್ವರ ಬಂದರೆ ಶ್ರಾದ್ಧದ ಅಡುಗೆ ಮುಗಿಯುವವರೆಗೆ ಹೇಳುವುದಿಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೆ ಮಗಳ ಮದುವೆ ಮುಗಿಯಲಿ ಎನ್ನುತ್ತೇವೆ. ನಮ್ಮದಕ್ಕಿಂತಲೂ ಮನೆಯವರ ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ಇನ್ನೂ ಗಟ್ಟಿಗರು. ಗಂಡನ ಸಕ್ಕರೆ ಕಾಯಿಲೆ ಅವನ ಆಫೀಸಿಗೆ ಗೊತ್ತಾಗದ ಹಾಗೆ, ಮಗನ ಮನಸ್ಸು ಕೆಟ್ಟದ್ದು ನೆಂಟರಿಗೆ ಗೊತ್ತಾಗದ ಹಾಗೆ. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಫಿಟ್ಸ್ ಇದ್ದದ್ದನ್ನು ಹೇಳದೆ ಉಳಿಸಿಕೊಂಡ ಎಷ್ಟು ಮನೆಗಳು ನಮ್ಮ ಕರಾವಳಿಯಲ್ಲಿಲ್ಲ? ಹಾಗೆ ಮಾಡಿದ ತಾಯಂದಿರನ್ನು ಸುಳ್ಳುಗಾರ್ತಿಯರು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಮೂರ್ಛೆರೋಗ ಇದ್ದವರ ಮದುವೆಯೇ ಸಿಂಧು ಅಲ್ಲ ಎಂದು ಪ್ರಶ್ನಿಸಲು ಹಿಂದೂ ವಿವಾಹ ಕಾನೂನಿನಲ್ಲೇ ಜಾಗವಿತ್ತು. ಆ ಶಬ್ದವನ್ನು ತೆಗೆದುಹಾಕಿದ್ದು 1999ರಲ್ಲಿ. ಮಾತ್ರೆ ನುಂಗಿ ನೆಟ್ಟಗೆ ಬದುಕುತ್ತಿದ್ದ ಹುಡುಗಿಗೆ ನಿಜ ಹೇಳಿದರೆ ಮನೆ ಸಿಗುತ್ತಿರಲಿಲ್ಲ, ಹೇಳದಿದ್ದರೆ ಸಿಕ್ಕ ಮನೆ ಯಾವಾಗ ಹೋಗುತ್ತದೋ ಎಂಬ ದಿಗಿಲು. ಎಲ್ಲ ಬಾಗಿಲು ಹಾಕಿಟ್ಟು, ನಿಜ ಹೇಳು ಎಂದರೆ ಯಾರು ಹೇಳುತ್ತಾರೆ?

ಪೈಲಟ್‌ಗಳ ಲೋಕದಲ್ಲಿ ಇದೇ ಆಗಿದೆ. ಅಮೆರಿಕದಲ್ಲಿ 2010ರವರೆಗೆ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವ ಯಾವ ಪೈಲಟ್‌ಗೂ ವೈದ್ಯಕೀಯ ಪತ್ರ ಸಿಗುತ್ತಿರಲಿಲ್ಲ. ಹಾಗಾದರೆ ಖಿನ್ನತೆ ಇರಲಿಲ್ಲವೇ? ಮಾತ್ರೆ ಇರಲಿಲ್ಲ, ಅಥವಾ ಮಾತ್ರೆಯ ಸುದ್ದಿ ಇರಲಿಲ್ಲ, ಅಷ್ಟೇ. ಆ ವರ್ಷ ನಾಲ್ಕು ಔಷಧಿಗಳಿಗೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರು. 2015ರ ಮಾರ್ಚಿನಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಸಹ ಪೈಲಟ್ ಒಬ್ಬ, ವೈದ್ಯರು ಕೆಲಸಕ್ಕೆ ಹೋಗಬಾರದೆಂದು ಬರೆದುಕೊಟ್ಟ ಚೀಟಿಯನ್ನು ಯಾರಿಗೂ ತೋರಿಸದೆ, ನೂರೈವತ್ತು ಜನರಿದ್ದ ವಿಮಾನವನ್ನು ಬೆಟ್ಟಕ್ಕೆ ಗುದ್ದಿಸಿದ. ಅವನನ್ನು ನಮ್ಮ ಅಳಿಯನ ಪಕ್ಕ ನಿಲ್ಲಿಸುವುದು ಅನ್ಯಾಯ, ಅವನದು ಕೊಲೆ. ಆದರೂ ಆ ಮುಚ್ಚಿಟ್ಟ ಚೀಟಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಇನ್ನು ಚೀಟಿ ಇದ್ದರೇ ಎಲ್ಲ ಸರಿಯಾಯಿತು ಎನ್ನುವಂತೆಯೂ ಇಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಬದುಕಿದವರು ಎಂಟೇ ಜನ. ಕಾಸರಗೋಡಿನಿಂದ ಭಟ್ಕಳದವರೆಗೆ ಆ ದಿನ ಟೀವಿಯ ಮುಂದೆ ಅಳದ ಮನೆ ಇರಲಿಲ್ಲ. ತನಿಖೆಯ ವರದಿ ಬಂದಾಗ ತಿಳಿದದ್ದು, ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಮೀರಿ ನಿದ್ದೆ ಮಾಡಿದ್ದರು, ಎದ್ದ ಮೇಲೂ ಆ ನಿದ್ದೆಯ ಮಂಪರು ಹೋಗಿರಲಿಲ್ಲ; ಪಕ್ಕದ ಸೀಟಿನ ಸಹ ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರೂ ಕೇಳಲಿಲ್ಲ. ವೈದ್ಯಕೀಯ ಪತ್ರ ಹೇಳುವುದು ಪರೀಕ್ಷೆಯ ದಿನದ ದೇಹದ ಸಂಗತಿ. ಇವತ್ತು ಬೆಳಗಿನ ಜಾವದ ದೇಹದ ಸಂಗತಿ ಅದಕ್ಕೇನು ಗೊತ್ತು?

ಅದಕ್ಕೇ ಇರಬೇಕು, ಪೈಲಟ್‌ಗಳಿಗೆ ಪ್ರತಿ ಸಲ ಏರುವ ಮೊದಲು ತಮ್ಮನ್ನು ತಾವೇ ಆರು ಪ್ರಶ್ನೆ ಕೇಳಿಕೊಳ್ಳಲು ಕಲಿಸುತ್ತಾರಂತೆ. ಕಾಯಿಲೆ ಇದೆಯೇ, ಔಷಧಿ ತಿಂದಿದ್ದೇನೆಯೇ, ಮನಸ್ಸಿಗೆ ಒತ್ತಡವೇ, ಕುಡಿದಿದ್ದೇನೆಯೇ, ದಣಿದಿದ್ದೇನೆಯೇ, ಸಿಟ್ಟು ದುಃಖ ಏನಾದರೂ ತಲೆಯೊಳಗಿದೆಯೇ. ಈ ಆರನ್ನು ಗ್ಯಾಸಿನ ಒಲೆ ಹಚ್ಚುವ ಮೊದಲು ನಾವು ಕೇಳಿಕೊಂಡರೆ ಎಷ್ಟೋ ದಿನ ಮನೆಯಲ್ಲಿ ಗಂಜಿಯೂ ಬೇಯಲಿಕ್ಕಿಲ್ಲ. ಇಂಗ್ಲೆಂಡಿನಲ್ಲಿ 2016ರಿಂದ ಹವ್ಯಾಸಿಗಳಲ್ಲಿ ಬಹಳ ಮಂದಿ ವೈದ್ಯರ ಬಳಿ ಹೋಗದೆ ತಾವೇ ಘೋಷಣೆ ಕೊಟ್ಟು ಹಾರಬಹುದು. ಅಮೆರಿಕದಲ್ಲಿ 2017ರಿಂದ ಮನೆವೈದ್ಯರ ಬಳಿ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವ ಇನ್ನೊಂದು ದಾರಿಯೂ ಇದೆ. ಕಾರಿನ ಲೈಸೆನ್ಸ್ ಸಾಕು ಎಂಬ ಆ 2004ರ ನಿಯಮದಲ್ಲೂ ಒಂದು ಸಾಲಿದೆ: ಸುರಕ್ಷಿತವಾಗಿ ಹಾರಿಸಲು ಅಡ್ಡಿಯಾಗುವ ತೊಂದರೆ ತನಗಿದೆ ಎಂದು ಗೊತ್ತಿರುವವನು, ಗೊತ್ತಾಗಲು ಕಾರಣ ಇರುವವನು, ಹಾರಬಾರದು. ಕಾನೂನು ಕೊನೆಗೂ ತಕ್ಕಡಿಯನ್ನು ಅವನ ಕೈಗೇ ಕೊಟ್ಟು ಕೂತಿದೆ. ಎಲ್ಲೆಡೆಯೂ ಗಾಳಿ ಬೀಸುತ್ತಿರುವುದು ಈ ಕಡೆಗೇ. ನನಗೆ ಅದು ತಪ್ಪು ಅನ್ನಿಸುವುದಿಲ್ಲ. ಆದರೆ ತನ್ನ ಆಸೆಯನ್ನು ತಾನೇ ತೂಗುವವನ ಕೈ ನಡುಗದೆ ಇರುತ್ತದೆಯೇ?

ಇದೇ ಯೋಚನೆಯಲ್ಲಿದ್ದಾಗ ಮರವಂತೆಯ ಕಡೆಯಿಂದ ನಮಗೆ ಮೀನು ತಂದುಕೊಡುವ ಹೆಂಗಸಿನ ಮಾವನವರ ಸಂಗತಿ ನೆನಪಾಯಿತು. ಐವತ್ತು ವರ್ಷ ನಾಡದೋಣಿಯಲ್ಲಿ ಹೋದವರು. ಒಂದು ಸಲ ಅವರ ಮನೆಯ ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದಾಗ ನಾನು, ಈಗ ಕಡಲಿಗೆ ಹೋಗುವುದಿಲ್ಲವೇ ಎಂದು ಕೇಳಿದ್ದೆ. "ಕಡ್ಲಿಗ್ ಹೋಪುಕೆ ಡಾಕ್ಟ್ರ ಚೀಟಿ ಎಂತದೂ ಬ್ಯಾಡ. ಆರೆ ದೋಣಿಯಗೆ ಉಳ್ದರ್ ಕಣ್ಣ್ ಇತ್ತಲ್ದಾ" ಎಂದಿದ್ದರು. ಒಮ್ಮೆ ದೋಣಿಯಲ್ಲಿ ಕಣ್ಣು ಕತ್ತಲೆ ಬಂದದ್ದನ್ನು ಅವರೇ ಜೊತೆಯವರಿಗೆ ಹೇಳಿದರಂತೆ. ಅವತ್ತಿನಿಂದ ಅವರಿಗೆ ದಡದ ಕೆಲಸ: ಬಲೆ ಹೊಲಿಯುವುದು, ದೋಣಿ ಬಂದಾಗ ಎಳೆಯುವವರಿಗೆ ಕೂಗು ಕೊಡುವುದು. ಪಾಲು ಕಡಿಮೆಯಾಯಿತು, ತಪ್ಪಲಿಲ್ಲ. ಹೇಳಿದ್ದಕ್ಕೆ ಎಲ್ಲವನ್ನೂ ಕಳೆದುಕೊಳ್ಳಬೇಕಾಗಿ ಬಂದಿದ್ದರೆ ಅವರೂ ಬಾಯಿ ಬಿಡುತ್ತಿದ್ದರೋ ಇಲ್ಲವೋ. ದೊಡ್ಡ ದೊಡ್ಡ ಇಲಾಖೆಗಳು ಪುಟಗಟ್ಟಲೆ ಬರೆದೂ ಕಂಡುಹಿಡಿಯದ ಉಪಾಯವನ್ನು ಆ ದೋಣಿಯ ಮಂದಿ ಮಾತಾಡದೆ ಮಾಡಿ ಮುಗಿಸಿದ್ದರು ಅನ್ನಿಸಿತು.

ಹಾಗಂತ ನಿಯಮ ಸರಿಯಿಲ್ಲ ಎನ್ನುವುದು ನಮ್ಮ ಅಳಿಯನಿಗೆ ನೆಪವಾಗಬಾರದು. ಒಬ್ಬನೇ ಹಾರಿ ಒಬ್ಬನೇ ಬೀಳುವುದಾದರೆ ಅವನ ಜೀವ ಅವನದು ಎಂದು ವಾದಿಸಬಹುದು. ಬೆಟ್ಟ ಹತ್ತುವವರು, ಕಡಲಲ್ಲಿ ಈಜುವವರು ಮಾಡುವುದೂ ಅದೇ. ಆದರೆ ಬೀಳುವ ವಿಮಾನಕ್ಕೆ ಕೆಳಗೆ ಯಾರಿದ್ದಾರೆ ಎಂದು ಕೇಳಿಕೊಂಡು ಬೀಳಲು ಬರುವುದಿಲ್ಲ. ಕೌದಿಯ ತುಂಡಿನ ಹಾಗೆ ಕಾಣುವ ಆ ಹೊಲಗಳಲ್ಲಿ ಮನೆಗಳಿವೆ. ಪಕ್ಕದ ಸೀಟಿನಲ್ಲಿ ನಮ್ಮ ಹುಡುಗಿ ಇದ್ದಾಳೆ. ಅವಳಿಗೆ ಗೊತ್ತಿದೆ, ಗೊತ್ತಿದ್ದೇ ಕೂರುತ್ತಾಳೆ, ಸರಿ. ಅವಳ ಬದಲು ಆ ಭಾನುವಾರ ಗೆಳೆಯನ ಮಗ ಕೂತರೆ? ಆ ಹುಡುಗನಿಗೆ ಯಾರು ಹೇಳುತ್ತಾರೆ? ಹೇಳಬೇಡ ಎಂದು ಇವಳ ಬಾಯಿ ಕಟ್ಟಿದ್ದಾನಲ್ಲ. ನನಗೆ ಅವನ ಅರ್ಜಿಗಿಂತ ಹೆಚ್ಚು ಚುಚ್ಚಿದ್ದು ಅದು. ಗಂಡನ ಗುಟ್ಟು ಕಾಯುವುದು ಹೆಂಡತಿಯ ಧರ್ಮ ಎಂದು ನಮಗೆ ಹೇಳಿಕೊಟ್ಟವರು, ಆ ಗುಟ್ಟಿನ ಭಾರ ಇನ್ನೊಬ್ಬರ ಮಗನ ಮೇಲೆ ಬೀಳುವಾಗ ಏನು ಮಾಡಬೇಕೆಂದು ಹೇಳಿಕೊಟ್ಟಿಲ್ಲ.

ಹೀಗಾಗಿ ನಾನು ಅವಳಿಗೆ ಕೊಟ್ಟ ಉತ್ತರ ಅವಳ ಪ್ರಶ್ನೆಗೆ ನೇರವಾಗಿ ಹೊಂದುವಂಥದ್ದಲ್ಲ. ಆಫೀಸಿಗೆ ಅರ್ಜಿ ಹಾಕದಿರುವುದು ಸುಳ್ಳಾಗಲಿಕ್ಕಿಲ್ಲ ಎಂದೆ. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಆದರೆ ತನ್ನ ದೇಹವನ್ನು ತಾನೇ ಕೇಳದಿರುವುದಿದೆಯಲ್ಲ, ಯಾಕೆ ಬಿದ್ದೆ ಎಂದು ತಿಳಿಯಲು ಒಬ್ಬ ಹೃದಯದ ಡಾಕ್ಟರ ಬಳಿಯೂ ಹೋಗದೆ, ಗೊತ್ತಿಲ್ಲ ಎಂಬುದನ್ನೇ ಜೋಪಾನ ಮಾಡಿಕೊಂಡು ಕೂರುವುದು, ಅದು ಸುಳ್ಳೇ. ಮತ್ತೆ, ನೀನು ಯಾರಿಗೂ ಹೋಗಿ ದೂರು ಕೊಡಬೇಡ. ಆದರೆ ಆ ಸೀಟಿನಲ್ಲಿ ಕೂರುವವರು ಯಾರಾದರೂ ಕೇಳಿದರೆ ನಾನು ಮುಚ್ಚಿಡುವುದಿಲ್ಲ ಎಂದು ಮೊದಲೇ ಅವನಿಗೆ ತಿಳಿಸು ಎಂದೆ. ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅವ್ರಿಗೆ ಆ ಭಾನುವಾರ ಬಿಟ್ರೆ ಬೇರೆ ಎಂತದೂ ಇಲ್ಲೆ ಚಿಕ್ಕಿ" ಎಂದು ಅತ್ತಳು. ಅದೂ ನಿಜವೇ ಇರಬಹುದು. ದೂರದ ಊರಿನಲ್ಲಿ ದುಡಿದು ದುಡಿದು ಸವೆದ ಗಂಡಸಿಗೆ ವಾರಕ್ಕೊಂದು ಗಂಟೆಯ ಆಕಾಶ ಎಂದರೆ ಏನೆಂದು ಅಂಗಳದಲ್ಲಿ ನಿಂತ ನನಗೆ ಹೇಗೆ ಗೊತ್ತಾಗಬೇಕು.

ಅವಳು ಹೇಳಿದಳಂತೆ. ಅವನು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವನಿಗೆ ಹಾರಿಸಲು ಕಲಿಸಿದ ಹಳೆಯ ಮೇಷ್ಟರಿಗೆ ತಾನೇ ಫೋನ್ ಮಾಡಿ ಎಲ್ಲ ಹೇಳಿದನಂತೆ. ಆ ಮನುಷ್ಯ ಬಯ್ಯಲಿಲ್ಲ. ಜೊತೆಗೆ ತಾನು ಕೂತು ವಿಮಾನದ ಜವಾಬ್ದಾರಿ ತನ್ನದು ಎಂದು ಒಪ್ಪಿಕೊಂಡರೆ ಇವನ ಬಳಿ ವೈದ್ಯಕೀಯ ಪತ್ರ ಇಲ್ಲದಿದ್ದರೂ ಇವನು ಹಿಡಿಕೆ ಹಿಡಿಯಬಹುದು, ನಿಯಮದಲ್ಲೇ ಅದಕ್ಕೆ ಜಾಗವಿದೆ ಎಂದನಂತೆ. ಹಾಗೆ ಈಗ ಪಕ್ಕದ ಸೀಟಿನಲ್ಲಿ ಮೇಷ್ಟರು. ನಮ್ಮ ಹುಡುಗಿ ಭಾನುವಾರ ಕೆಳಗೆ ನಿಂತು ಫೋಟೋ ತೆಗೆಯುತ್ತಾಳೆ. ಅದರಲ್ಲಿ ವಿಮಾನ ಒಂದು ಕೊಕ್ಕರೆಯಷ್ಟು ಕಾಣುತ್ತದೆ. ಹೃದಯದ ಡಾಕ್ಟರು ಅವನ ಎದೆಗೆ ಬಡಿತ ಬರೆದುಕೊಳ್ಳುವ ಸಣ್ಣ ಪಟ್ಟಿಯೊಂದನ್ನು ಹದಿನಾಲ್ಕು ದಿನಕ್ಕೆ ಅಂಟಿಸಿದ್ದಾರೆ. ಇವತ್ತಿಗೆ ಒಂಬತ್ತನೇ ದಿನ. ಸ್ನಾನ ಮಾಡುವಾಗ ವಿಪರೀತ ತುರಿಕೆ ಎಂದು ಗೊಣಗುತ್ತಿದ್ದಾನಂತೆ.